ಹೇಳಿದ ಹಾಗೇ ಕುಡಿದ ಗಂಜಿ

“ಗುರುಗಳೇ, ನಾನು ಹೇಳಿದ ಪಥ್ಯದಿಂದ ಒಬ್ಬ ರೋಗಿ ಎದ್ದು ಓಡಾಡುವಂತಾದರೆ, ಅವರ ಹೆಸರನ್ನು ಹಲಗೆಯ ಮೇಲೆ ಬರೆಸಿ ನನ್ನ ಬಾಗಿಲಿಗೆ ಹಾಕಿಕೊಳ್ಳಬಹುದೇ?”

ಹೀಗೆ ಕೇಳಿದವನು ನಾನೇ. ಆಗ ನನಗೆ ಇಪ್ಪತ್ತಮೂರು ವರ್ಷ. ಓದು ತಲೆಗೆ ಹತ್ತಿರಲಿಲ್ಲ. ಆದರೆ ಯಾರಿಗೆ ಯಾವ ಊಟ ಹಿಡಿಯುತ್ತದೆ ಎಂದು ಹೇಳುವುದರಲ್ಲಿ ಸುತ್ತ ಏಳು ಊರಿಗೆ ನನ್ನಂಥವನು ಇರಲಿಲ್ಲ. ನಾನು ಹೇಳಿದ ಊಟ ಉಂಡ ಒಬ್ಬ ಜಟ್ಟಿ ಮೀಸೆಗೆ ಒರಳುಕಲ್ಲು ಕಟ್ಟಿಕೊಂಡು ಗರಡಿಯ ಸುತ್ತ ಮೂರು ಸುತ್ತು ಬಂದಿದ್ದ. ನಾಲ್ಕನೆಯದನ್ನೂ ಬರುತ್ತಿದ್ದ, ಅಷ್ಟರಲ್ಲಿ ಒರಳಿನ ಮನೆಯವಳು ಬಂದು ದೋಸೆಗೆ ರುಬ್ಬಬೇಕು ಎಂದಳು. ಇದನ್ನು ನಂಬದವರು ನನ್ನ ಜೊತೆ ವಾದಕ್ಕೆ ಕೂತಿದ್ದಾರೆ, ಸೋತು ಎದ್ದಿದ್ದಾರೆ. ಈ ಎಂಬತ್ತು ವರ್ಷದಲ್ಲಿ ನನ್ನ ಬಾಯಿ ಮುಚ್ಚಿದ್ದು ಒಂದೇ ಸಲ. ಅದು ಆ ದಿನ.

ಔಷಧಿ ಕೊಡುವುದು ವೈದ್ಯರ ಕೆಲಸ. ಕಾಯಿಲೆ ಬಿದ್ದವರು ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಏನನ್ನು ಬಿಡಬೇಕು ಎಂದು ಹೇಳುವುದು ನಮ್ಮ ಕಸುಬು. ನಮ್ಮ ಗುರುಗಳು ಐವತ್ತು ವರ್ಷ ಅದನ್ನು ಮಾಡಿದ್ದರು. ನನ್ನ ಜಟ್ಟಿಯ ಕತೆ ಕೇಳಿದಾಗಲೆಲ್ಲ ನಗುತ್ತಿದ್ದರು. “ಒರಳುಕಲ್ಲನ್ನು ಇನ್ನೂ ದೊಡ್ಡದು ಮಾಡಿಕೋ, ಯಾರಿಗೂ ನಷ್ಟವಿಲ್ಲ” ಎನ್ನುತ್ತಿದ್ದರು. ಆದರೆ ಕಾಯಿಲೆಯವರ ಮಾತು ಬಂದರೆ ನಗುತ್ತಿರಲಿಲ್ಲ.

ಕುಂಬಾರ ಬೀದಿಯ ಚಿಕ್ಕತಾಯಮ್ಮ ಎಂಬ ಹೆಂಗಸು ಜ್ವರ ಬಿಟ್ಟ ಮೇಲೂ ಎರಡು ತಿಂಗಳು ಚಾಪೆ ಹಿಡಿದಿದ್ದಳು. ನಾನು ಹೋಗಿ ಹೆಸರುಬೇಳೆ ಕಟ್ಟು, ಮೆತ್ತಗಿನ ಅನ್ನ ಎಂದು ಹೇಳಿದೆ. ತಿಂಗಳು ತುಂಬುವುದರೊಳಗೆ ಅವಳು ಎದ್ದು ಜೇಡಿಮಣ್ಣು ತುಳಿಯುತ್ತಿದ್ದಳು. ಸುದ್ದಿ ಹಬ್ಬಿತು. ಇನ್ನೂ ನಾಲ್ಕು ಮನೆಯವರು ನಮಗೂ ಅದೇ ಪಥ್ಯ ಬೇಕು ಎಂದು ಹೇಳಿ ಕಳಿಸಿದರು. ಅವರ ಮನೆಗಳಲ್ಲೂ ಜನ ಮಲಗಿದ್ದರು.

ನಾನು ಬಡಗಿಯ ಹತ್ತಿರ ಒಂದು ಹಲಗೆ ಮಾಡಿಸಿದೆ. ‘ಕುಂಬಾರ ಬೀದಿಯ ಚಿಕ್ಕತಾಯಮ್ಮನನ್ನು ಎಬ್ಬಿಸಿ ನಿಲ್ಲಿಸಿದ ಪಥ್ಯವನ್ನು ಇಲ್ಲಿ ಹೇಳಲಾಗುವುದು’ ಎಂದು ಅದರ ಮೇಲೆ ಬರೆಸಿದೆ. ಬರೆದವನ ಕೈಲಿ ಮೂರು ಸಲ ಓದಿಸಿ ಕೇಳಿದೆ. ಮೂರು ಸಲವೂ ಚೆನ್ನಾಗಿತ್ತು. ಗುರುಗಳು ಹೂಂ ಎಂದರೆ ಸಾಕು, ಮನೆಗೆ ಹೋದವನೇ ಹೊಡೆದುಬಿಡುವುದು ಎಂದು ಸುತ್ತಿಗೆ, ಮೊಳೆಯನ್ನೂ ಕೊಂಡೇ ಬಂದಿದ್ದೆ.

ಗುರುಗಳು ಹಲಗೆಯನ್ನು ಇಸಿದುಕೊಂಡು ಓದಿದರು. ಪಕ್ಕಕ್ಕೆ ಇಟ್ಟರು.

“ಕೂತುಕೋ ಚೆಲುವ. ಸುತ್ತಿಗೆ ಕೆಳಗಿಡು. ಕತೆ ಕೇಳುವುದಕ್ಕೆ ಅದು ಬೇಕಾಗುವುದಿಲ್ಲ” ಎಂದರು. ಆಮೇಲೆ ಹೇಳಿದರು.

ಒಂದು ಊರಿನಲ್ಲಿ ಪಥ್ಯ ಹೇಳುವವನೊಬ್ಬ ಇದ್ದ. ಕೈಗುಣ ಒಳ್ಳೆಯದು ಎಂದು ಹೆಸರಾಗಿದ್ದ. ಆ ಊರಿನ ಒಬ್ಬ ನೇಕಾರನ ಹೆಂಡತಿಗೆ ಜ್ವರ ಬಂತು. ಜ್ವರವೇನೋ ಹೋಯಿತು, ಮೈ ತುಂಬಲಿಲ್ಲ. ತೊಟ್ಟ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಪಥ್ಯದವನು ಬಂದು ಬಾಗಿಲಲ್ಲಿ ನಿಂತು ನೋಡಿದ. “ಗೋಧಿ ರವೆಯನ್ನು ಹಾಲಿನಲ್ಲಿ ಬೇಯಿಸಿ, ತುಪ್ಪ ಹಾಕಿ, ದಿನಕ್ಕೆ ಮೂರು ಬಟ್ಟಲು ಗಂಜಿ ಕುಡಿ” ಎಂದ. ಅವಳು ತಲೆಯಾಡಿಸಿದಳು.

ವಾರಕ್ಕೊಮ್ಮೆ ಅವನು ಅದೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಹೇಳಿದ ಹಾಗೆ ಕುಡಿಯುತ್ತಿದ್ದೀಯಾ?”

“ಹೂಂ ಸ್ವಾಮಿ, ಹೇಳಿದ ಹಾಗೇ.”

ಎರಡು ತಿಂಗಳಿಗೆ ಅವಳು ಮಗ್ಗದ ಪಕ್ಕ ಕೂತು ನೂಲು ಸುತ್ತತೊಡಗಿದಳು. ಊರು ಆ ಗಂಜಿಯ ಮಾತನ್ನೇ ಆಡಿತು. ಸತ್ತವಳನ್ನು ಎಬ್ಬಿಸಿದ ಗಂಜಿ ಎಂದರು. ಅವನು ಇಲ್ಲ ಎನ್ನಲಿಲ್ಲ.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಹತ್ತು ವರ್ಷದ ಒಬ್ಬಳೇ ಮಗಳು. ಅವಳಿಗೂ ಅಂಥದೇ ಜ್ವರ ಬಂದು ಹೋಯಿತು, ಅವಳೂ ಹಾಗೇ ಸೊರಗಿದಳು. ವ್ಯಾಪಾರಿ ಪಥ್ಯದವನನ್ನು ಕರೆಸಿ, “ನೇಕಾರನ ಹೆಂಡತಿಗೆ ಹೇಳಿದ್ದನ್ನೇ ನಮಗೂ ಹೇಳಿ” ಎಂದ. ಅವನು ಅದನ್ನೇ ಹೇಳಿದ. ಬೇರೆ ಏನನ್ನೂ ಕೇಳಲಿಲ್ಲ.

ಆ ಮನೆಯಲ್ಲಿ ಹಾಲಿಗೆ ಬರವಿರಲಿಲ್ಲ. ಮೂರು ಬಟ್ಟಲು ಗಂಜಿ ತಪ್ಪದೆ ಕುಡಿಸಿದರು. ಹುಡುಗಿಯ ಹೊಟ್ಟೆ ಉಬ್ಬಿತು. ಭೇದಿ ಹತ್ತಿತು. ತಾಯಿ ಹೇಳಿ ಕಳಿಸಿದಳು. ಪಥ್ಯದವನು, “ನೀವು ಸರಿಯಾಗಿ ಕುಡಿಸುತ್ತಿಲ್ಲ. ಮೂರು ಸಾಲದು, ಐದು ಬಟ್ಟಲು ಮಾಡಿ” ಎಂದ. ಐದು ಮಾಡಿದರು. ಹುಡುಗಿಗೆ ದಿಂಬಿನಿಂದ ತಲೆ ಎತ್ತಲು ಆಗದಾಯಿತು.

ಅವನು ನೋಡಲು ಹೋದಾಗ ತಾಯಿ ಎದುರಿಗೇ ನಿಂತಳು. “ನನ್ನ ಮಗಳು ನಿಮ್ಮ ಗಂಜಿ ಕುಡಿಯುತ್ತಿಲ್ಲ ಸ್ವಾಮಿ. ನಿಮ್ಮ ಗಂಜಿಯೇ ನನ್ನ ಮಗಳನ್ನು ಕುಡಿಯುತ್ತಿದೆ.”

ಅವನಿಗೆ ಸಿಟ್ಟು ಬಂತು. “ನನ್ನ ಮಾತು ಬೇಡ. ನೇಕಾರನ ಹೆಂಡತಿಯನ್ನೇ ಕರೆಸಿ. ಅವಳ ಬಾಯಿಂದಲೇ ಕೇಳಿ” ಎಂದ.

ನೇಕಾರನ ಹೆಂಡತಿ ಬಂದಳು. ತಾಯಿ ಗಂಜಿಯ ಬಟ್ಟಲನ್ನು ಅವಳ ಕೈಗೆ ಕೊಟ್ಟು ಕೇಳಿದಳು. “ಇದನ್ನು ನೀನು ಹೇಗೆ ಕುಡಿದೆ ಹೇಳು ತಾಯಿ. ಬಿಸಿಯಾಗಿಯೋ, ಆರಿಸಿಯೋ? ನನ್ನ ಮಗಳಿಗೂ ಹಾಗೇ ಕುಡಿಸುತ್ತೇನೆ.”

ಅವಳು ಬಟ್ಟಲನ್ನು ನೋಡಿದಳು. ಮೂಸಿದಳು. ಮಲಗಿದ್ದ ಹುಡುಗಿಯನ್ನು ನೋಡಿದಳು. ಆಮೇಲೆ ಪಥ್ಯದವನ ಕಡೆಗೆ ತಿರುಗಿದಳು.

“ಇದೇನಾ ಸ್ವಾಮಿ ನೀವು ಹೇಳಿದ್ದು? ನಾನು ಇದನ್ನು ಈಗಲೇ ಕಾಣುತ್ತಿರುವುದು.”

“ಮತ್ತೆ ನೀನು ಕುಡಿದದ್ದೇನು?”

“ರಾಗಿ ಅಂಬಲಿ. ನಮ್ಮಂಥವರ ಮನೆಗೆ ಮೂರು ಹೊತ್ತು ಹಾಲು, ತುಪ್ಪ ಎಲ್ಲಿಂದ ಬರಬೇಕು? ಎದುರು ಮನೆ ಅಜ್ಜಿ ಹಾಲನ್ನು ದುಡ್ಡಿಗೆ ವರ್ತನೆ ಹಾಕುತ್ತಾಳೆ, ಮಜ್ಜಿಗೆ ಮಾತ್ರ ದುಡ್ಡಿಲ್ಲದೆ ಹಂಗೇ ಕೊಡುತ್ತಾಳೆ. ಅದನ್ನು ಬೆರೆಸಿ, ಉಪ್ಪು ಹಾಕಿ ಕುಡಿದೆ.”

“ವಾರ ವಾರ ಕೇಳಿದೆನಲ್ಲ. ಹೇಳಿದ ಹಾಗೇ ಅಂದೆಯಲ್ಲ.”

“ನೀವು ದೊಡ್ಡವರು. ಹೇಳಿದ ಹಾಗೆ ಕುಡಿಯುತ್ತಿದ್ದೀಯಾ ಅಂದಿರಿ. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಹೂಂ ಅಂದೆ. ಏನು ಕುಡಿದೆ ಅಂತ ಕೇಳಿದ್ದರೆ ಅಂಬಲಿ ಅನ್ನುತ್ತಿದ್ದೆ. ಅದನ್ನು ನೀವು ಒಂದು ದಿನವೂ ಕೇಳಲಿಲ್ಲ.”

ಇಲ್ಲಿಗೆ ಬಂದಾಗ ನಾನು ಅಡ್ಡಬಾಯಿ ಹಾಕಿದೆ. “ಗುರುಗಳೇ, ಅದರಲ್ಲೇನಿದೆ? ಗಂಜಿಯ ಕೆಲಸ ಮುಗಿಯಿತು, ಇನ್ನು ಅಂಬಲಿಯ ಸರದಿ, ನನ್ನ ಲೆಕ್ಕದಲ್ಲಿ ಮೊದಲೇ ಇತ್ತು ಎಂದು ಹೇಳಿ ಎದ್ದು ಬಂದರಾಯಿತು. ನಾನಾಗಿದ್ದರೆ ಹಾಗೆ ಮಾಡುತ್ತಿದ್ದೆ.”

“ಅವನ ನಾಲಿಗೆಯ ತುದಿಗೂ ಅದೇ ಬಂತು. ಅವನೂ ನಿನ್ನಷ್ಟೇ ಚುರುಕು” ಎಂದರು ಗುರುಗಳು.

ಆದರೆ ಹುಡುಗಿ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಅಂಬಲಿ ಹಿಡಿಯುತ್ತದೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ನೇಕಾರನ ಹೆಂಡತಿಗೆ ಯಾಕೆ ಹಿಡಿಯಿತು ಎಂಬುದೂ ತಿಳಿದಿರಲಿಲ್ಲ. ಅವನು ಬಟ್ಟಲನ್ನು ಇಸಿದುಕೊಂಡು ಹೊರಗೆ ಚೆಲ್ಲಿ ಬಂದ.

“ನನ್ನ ಗಂಜಿ ಯಾರನ್ನೂ ಎಬ್ಬಿಸಿಲ್ಲ” ಎಂದ. “ಗೊತ್ತಿಲ್ಲದೆ ಹೇಳಿದೆ, ಗೊತ್ತಿಲ್ಲದೆ ಹೆಚ್ಚು ಮಾಡಿದೆ. ತಪ್ಪು ನನ್ನದು. ಈಗಲೇ ವೈದ್ಯರಿಗೆ ಹೇಳಿ ಕಳಿಸಿ. ಅವರು ಬರುವ ತನಕ ನಾನು ಇಲ್ಲೇ ಇರುತ್ತೇನೆ. ಈ ಮಗು ಮೊದಲಿನಿಂದ ಏನು ತಿನ್ನುತ್ತಿತ್ತು, ಏನನ್ನು ಬಿಡುತ್ತಿತ್ತು, ಒಂದೊಂದಾಗಿ ಹೇಳಿ.”

ತಾಯಿ ಹೇಳಿದಳು. “ಎದೆಹಾಲು ಬಿಡಿಸಿದ ಮೇಲೆ ಇವಳು ಹಾಲು ಮುಟ್ಟಿದವಳಲ್ಲ. ಕುಡಿದರೆ ಹೊಟ್ಟೆ ಕೆಡುತ್ತಿತ್ತು. ನೀವು ಹೇಳಿದಿರಿ ಅಂತ ಮೂಗು ಹಿಡಿದು ಕುಡಿಸಿದೆವು.”

ಪಥ್ಯದವನು ಆ ಮನೆಯ ಅಡುಗೆ ಕೋಣೆಯನ್ನು ಅಂದು ಮೊದಲ ಸಲ ನೋಡಿದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಹುಡುಗಿ?” ಎಂದೆ.

“ಬದುಕಿದಳು. ವೈದ್ಯರು ಔಷಧಿ ಕೊಟ್ಟರು. ಅನ್ನದ ತಿಳಿ, ಹಾಲಿಲ್ಲದ ಗಂಜಿ, ಆಮೇಲೆ ಅನ್ನ ಎಂದು ಒಂದೊಂದೇ ತುತ್ತು ನೋಡಿ ನೋಡಿ ಹೆಚ್ಚಿಸಿದರು. ಉದುರಿದ ಕೂದಲು ಬರುವುದಕ್ಕೆ ವರ್ಷ ಹಿಡಿಯಿತು. ಇನ್ನೊಂದು ವಾರ ಕಳೆದಿದ್ದರೆ ಈ ಕತೆ ಹೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ.”

“ಪಥ್ಯದವನು ಏನಾದ?”

“ವ್ಯಾಪಾರಿ ಊರಿಗೆಲ್ಲ ಹೇಳಿದ. ಬಹಳ ದಿನ ಅವನ ಬಾಗಿಲಿಗೆ ಯಾರೂ ಬರಲಿಲ್ಲ. ಆಮೇಲೆ ಯಾರು ಕರೆದರೂ ಅವನು ಬಾಗಿಲಲ್ಲಿ ನಿಂತು ಪಥ್ಯ ಹೇಳಲಿಲ್ಲ, ಒಳಗೆ ಹೋಗಿ ಒಲೆಯ ಮುಂದೆ ಕೂತು ಕೇಳಿದ.”

ಕತೆ ನನಗೆ ಹಿಡಿಸಿತು. ಆದರೆ ಹಲಗೆಯ ಮೇಲಿನ ಆಸೆ ಹೋಗಲಿಲ್ಲ. ಬಣ್ಣ ಇನ್ನೂ ಹಸಿಯಾಗಿತ್ತು.

“ಗುರುಗಳೇ, ಆ ಹೆಂಗಸು ಹೂಂ ಎಂದು ಸುಳ್ಳಾಡಿದಳು. ನಮ್ಮ ಚಿಕ್ಕತಾಯಮ್ಮ ಅಂಥವಳಲ್ಲ” ಎಂದೆ. “ಹತ್ತು ಸಲ ಹೋಗಿ ಕೇಳಿದ್ದೇನೆ. ಹತ್ತು ಸಲವೂ ‘ನೀನು ಹೇಳಿದ ಹಾಗೇ ಕಣಪ್ಪ’ ಅಂದಿದ್ದಾಳೆ. ಅವಳು ನನ್ನ ಮಾತು ಮೀರಿ ಒಂದು ಅಗುಳು ತಿಂದಿಲ್ಲ. ನಾಳೆ ಆ ನಾಲ್ಕು ಮನೆಗೂ ಹೋಗಿ ಇದನ್ನೇ ಹೇಳುತ್ತೇನೆ.”

ಗುರುಗಳು ಹಲಗೆಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

“ಇವತ್ತು ಬೆಳಿಗ್ಗೆ ಚಿಕ್ಕತಾಯಮ್ಮ ಏನು ತಿಂದಳು ಹೇಳು, ಮೊಳೆ ನಾನೇ ಹಿಡಿಯುತ್ತೇನೆ.”