ಹಳಿಯ ತುಂಡಿನ ಒಂದೇಟು

ನೂರೈವತ್ತು ವರ್ಷ ತುಂಬಿದ ಶಾಲೆಯ ಸಮಾರಂಭದಲ್ಲಿ ಹೊಸ ಧ್ವನಿವರ್ಧಕವು, ಬೇವಿನ ಕೊಂಬೆಗೆ ಗಂಟೆಯಾಗಿ ತೂಗುತ್ತಿದ್ದ ರೈಲು ಹಳಿಯ ತುಂಡನ್ನು ಮೂದಲಿಸಿತು: "ಎಲೈ ತುಕ್ಕು ಕಬ್ಬಿಣವೇ, ಇಂದು ನಿನಗೇನು ಕೆಲಸ?"

"ಬಾರಿಸಿದರೆ ಹೇಳುತ್ತೇನೆ," ಎಂದಿತು ಹಳಿ.

"ದಯವಿಟ್ಟು ಸದ್ದು ಮಾಡಬೇಡಿ" ಎಂದು ಧ್ವನಿವರ್ಧಕ ಬೆಳಗಿನಿಂದ ಅರಚುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಹರಟೆ ನಿಲ್ಲಲಿಲ್ಲ. ಬೇಸತ್ತ ಜವಾನ ಈರಭದ್ರಪ್ಪ ಹಳಿಗೆ ಒಂದೇಟು ಹಾಕಿದ.

ಢಣ್!

ಹರಟೆ ನಿಂತಿತು. ನರೆತ ತಲೆಗಳೆಲ್ಲ ಎತ್ತರದ ಪ್ರಕಾರ ಪ್ರಾರ್ಥನೆಗೆ ಸಾಲುಗಟ್ಟಿದವು. ವೇದಿಕೆಯಿಂದ ಓಡಿಬಂದು ಸಾಲು ಸೇರಿದ ಅತಿಥಿ ನ್ಯಾಯಾಧೀಶೆಯನ್ನು, ಪಕ್ಕದಲ್ಲಿ ನಿಂತಿದ್ದ ಬಟ್ಟೆ ಹೊಲಿಯುವ ಸಿದ್ದವ್ವ ಗದರಿದಳು: "ಸಾಲು ಸೊಟ್ಟ ಆಗೇತಿ, ಕೈ ಚಾಚಿ ನಿಂದ್ರು!" ನ್ಯಾಯಾಧೀಶೆ ಕೈ ಚಾಚಿ ನಿಂತಳು.

"ಇವರಿಬ್ಬರನ್ನೂ ಒಂದೇ ಸಾಲಿಗೆ ಹೇಗೆ ತಂದೆ?" ಎಂದಿತು ಧ್ವನಿವರ್ಧಕ.

"ಆರನೇ ವಯಸ್ಸಿಗೇ ತಂದಿದ್ದೆ. ಕಲಿತದ್ದನ್ನು ಅವರು ಮರೆತಿಲ್ಲ."

ಎರಡನೇ ಗಂಟೆ ಬೀಳುವವರೆಗೆ ಒಬ್ಬರೂ ಕದಲಲಿಲ್ಲ.