ತೆರೆಯದೆ ಬಿಟ್ಟ ಕಣ್ಣುಗಳು

ಮಠದ ಹೊಸ ಮಂಟಪದ ಗೋಡೆಯ ಮೇಲೆ ದಾನ ಕೊಟ್ಟವರ ಇಪ್ಪತ್ತೆರಡು ಹೆಸರು ಕೆತ್ತಿಸಿದರು. ಕಲ್ಲು ಹೊತ್ತವರ ಹೆಸರು ಒಂದನ್ನೂ ಕೆತ್ತಿಸಲಿಲ್ಲ. ಇದು ಮರೆವಲ್ಲ, ಅನ್ಯಾಯ. ಕಲ್ಲು ಹೊತ್ತ ಹೆಂಗಸರು ಬಂದು ಗೋಡೆಯ ಮುಂದೆ ನಿಂತರು. ಓದು ಬಲ್ಲ ಒಬ್ಬಳಿಂದ ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡರು. ಕೊನೆಯ ಹೆಸರು ಮುಗಿದ ಮೇಲೆ ತಿರುಗಿ ಹೋದರು. ಕೆತ್ತನೆಯ ಉಸ್ತುವಾರಿ ನೋಡಿಕೊಂಡಿದ್ದ ಶಿಷ್ಯನಿಗೆ ಅದು ಚುಚ್ಚಿತು. ಅವನು ಗುರುವಿನ ಬಳಿ ಬಂದು ಕೇಳಿದ:

“ಅವರಿಗೆ ಹೊಟ್ಟೆ ತುಂಬ ಊಟ ಹಾಕಿದ್ದೇವೆ, ಉಡಲು ಸೀರೆ ಕೊಟ್ಟಿದ್ದೇವೆ. ಇನ್ನೇನು ಬೇಕಂತೆ ಅವರಿಗೆ?”

ಗುರು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಹಳೆಯ ಸಾಮಾನಿನ ವ್ಯಾಪಾರಿ ಇದ್ದ. ಒಡೆದುಹೋದ ಮನೆತನಗಳ ದೀಪ, ಕನ್ನಡಿ, ತೊಟ್ಟಿಲು, ಕತ್ತಿ ಎಲ್ಲ ಅವನ ಅಂಗಡಿಗೆ ಬರುತ್ತಿದ್ದವು. ಮಾರಿದ ಸಾಮಾನನ್ನು ಸುತ್ತಿ ಕೊಡಲು ದಪ್ಪ ಬಟ್ಟೆಯ ಚೀಲ ಬೇಕಾಗುತ್ತಿತ್ತು. ಅದನ್ನು ಹೊಲಿಯಲು ಕೌದಿ ಹೊಲಿಯುವ ಒಬ್ಬ ಹೆಂಗಸು ಬರುತ್ತಿದ್ದಳು. ಅವಳಿಗೆ ಐವತ್ತು ದಾಟಿತ್ತು.

ಒಂದು ದಿನ ವ್ಯಾಪಾರಿ ಅವಳ ಕೈಗೆ ಅಂಗೈಯಗಲದ ಚಿತ್ರವೊಂದನ್ನು ಕೊಟ್ಟು, ಇದಕ್ಕೊಂದು ಚೀಲದ ಅಳತೆ ತೆಗೆದುಕೋ ಎಂದ. ದಂತದ ತೆಳು ಹಲಗೆಯ ಮೇಲೆ ಬರೆದ ಒಂದು ಸಂಸಾರದ ಚಿತ್ರ. ಒಬ್ಬ ಜಮೀನ್ದಾರ, ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು. ಅಂಚಿನಲ್ಲಿ, ನೆಲದ ಮೇಲೆ, ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಕೂತ ಒಬ್ಬ ಹೆಂಗಸು. ಎಲ್ಲರ ಕಣ್ಣೂ ಹೊಳೆಯುತ್ತಿದ್ದವು. ಆ ಹೆಂಗಸಿನ ಕಣ್ಣು ಇರಬೇಕಾದ ಕಡೆ ಮಾತ್ರ ಎರಡು ಬಿಳಿ ಚುಕ್ಕೆಗಳಿದ್ದವು.

ಕೌದಿಯವಳು ನೋಡಿದ್ದು ಆ ಹೆಂಗಸಿನ ಮುಂಗೈಯನ್ನು. ಅಲ್ಲಿ ಹಸಿರು ಹಚ್ಚೆ ಇತ್ತು. ತುಳಸಿ ಗಿಡದ ಹಚ್ಚೆ. ಒಂದು ಕಡೆ ಮಾತ್ರ ಕೊಂಬೆ, ಇನ್ನೊಂದು ಕಡೆ ಬೋಳು.

ಆ ಅರ್ಧ ಹಚ್ಚೆಯ ಸಂಗತಿಯನ್ನು ಅವಳು ಅಜ್ಜಿಯ ಬಾಯಿಂದ ಎಷ್ಟೋ ಸಲ ಕೇಳಿದ್ದಳು. ನಿನ್ನ ಅವ್ವ ಹುಡುಗಿಯಾಗಿದ್ದಾಗ ಸೂಜಿಯ ಉರಿ ತಾಳದೆ, ಹಚ್ಚೆ ಹಾಕುವವಳ ಕೈ ಕೊಡವಿ ಓಡಿಬಿಟ್ಟಳು, ಇಡೀ ಕೇರಿ ಅಟ್ಟಿಸಿಕೊಂಡು ಹೋದರೂ ಸಿಗಲಿಲ್ಲ ಎಂದು ಅಜ್ಜಿ ನಗುತ್ತಿದ್ದಳು. ಆಮೇಲೆ ನಡೆದದ್ದರಲ್ಲಿ ನಗುವಂಥದ್ದು ಇರಲಿಲ್ಲ. ಇವಳು ಮೂರು ತಿಂಗಳ ಕೂಸಾಗಿದ್ದಾಗ ಜಮೀನ್ದಾರನ ಮನೆಯವರು ಬಂದು, ತಮ್ಮ ಕೂಸಿಗೆ ಹಾಲು ಸಾಲದೆಂದು, ಅವ್ವನನ್ನು ಕರೆದುಕೊಂಡು ಹೋದರು. ಹಾಲು ಹಂಚಿಹೋಗಬಾರದೆಂದು ಅವಳ ಸ್ವಂತ ಕೂಸನ್ನು ಜೊತೆಗೆ ತರಲು ಬಿಡಲಿಲ್ಲ. ಇವಳು ಆಡಿನ ಹಾಲು, ಗಂಜಿಯ ತಿಳಿ ಕುಡಿದು ಬದುಕಿದಳು. ಎರಡನೆಯ ವರ್ಷ ಅವ್ವ ಅಲ್ಲಿಯೇ ಜ್ವರ ಬಂದು ಸತ್ತಳು. ಮಣ್ಣು ಮಾಡಿದ ಮೇಲೆ ಸುದ್ದಿ ಕಳಿಸಿದರು.

ಅವ್ವ ಹೇಗಿದ್ದಳು ಎಂದು ಕೇಳಿದರೆ ಅಜ್ಜಿಯದು ಒಂದೇ ಉತ್ತರ. ಕನ್ನಡಿಯಲ್ಲಿ ನಿನ್ನ ಕಣ್ಣು ನೋಡಿಕೋ. ಅವಳವೂ ಅವೇ.

ಅಂದಿನಿಂದ ಅವಳು ದಿನವೂ ಅಂಗಡಿಗೆ ಬಂದಳು. ಹೊಲಿಗೆ ಇದ್ದರೂ ಬಂದಳು, ಇಲ್ಲದಿದ್ದರೂ ಬಂದಳು. ಚಿತ್ರವನ್ನು ಬೆಳಕಿಗೆ ಹಿಡಿದು ಮೂಗು ನೋಡಿದಳು, ಗಲ್ಲ ನೋಡಿದಳು, ಕಿವಿಯ ಓಲೆ ನೋಡಿದಳು. ಆ ಬಿಳಿ ಚುಕ್ಕೆಗಳ ಹತ್ತಿರ ಬಂದು ನಿಂತುಬಿಡುವಳು. ಇಷ್ಟು ವರ್ಷಕ್ಕೆ ಅವ್ವ ಸಿಕ್ಕಿದ್ದಳು. ಸಿಕ್ಕವಳು ಇವಳನ್ನು ನೋಡುವ ಹಾಗಿರಲಿಲ್ಲ.

ನೀನು ನೋಡಿ ನೋಡಿಯೇ ಬಣ್ಣ ಸವೆದೀತು ಎಂದು ವ್ಯಾಪಾರಿ ಹಂಗಿಸಿದ. ಅವಳು ಹಚ್ಚೆಯ ಸಂಗತಿಯನ್ನೆಲ್ಲ ಹೇಳಿ, ಇದನ್ನು ಮಾರಬೇಡಿ ಯಜಮಾನರೇ, ಕೈಲಾಗುವವರೆಗೂ ನಿಮ್ಮ ಅಂಗಡಿಯ ಹೊಲಿಗೆಯನ್ನೆಲ್ಲ ಸುಮ್ಮನೆ ಹೊಲಿದುಕೊಡುತ್ತೇನೆ ಎಂದು ಬೇಡಿಕೊಂಡಳು. ವ್ಯಾಪಾರಿ ಕೆಟ್ಟವನಲ್ಲ. ಆದರೆ ವ್ಯಾಪಾರಿ.

ಕೆಲವು ದಿನಗಳಲ್ಲಿ ಒಬ್ಬ ಸಾಹುಕಾರ ಬಂದ. ಅವನ ತಲೆಯೂ ನರೆತಿತ್ತು. ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಮನೆ ಪಾಲಾದಾಗ ಕಳೆದುಹೋದದ್ದು ಇದು, ಅಪ್ಪನ ಪಕ್ಕ ಇವರು ನನ್ನ ತಾಯಿ, ಇಲ್ಲಿ ಅಂಚಿನವಳ ಮಡಿಲಲ್ಲಿರುವ ಕೂಸು ನಾನೇ ಎಂದ. ಅವನ ಕಣ್ಣು ತುಂಬಿದ್ದವು. ವ್ಯಾಪಾರಿ ಕೌದಿಯವಳನ್ನು ತೋರಿಸಿ, ಆ ಮಡಿಲು ಇವಳ ಅವ್ವನದಂತೆ ಧಣಿ ಎಂದು ನಕ್ಕ. ಸಾಹುಕಾರ ನಗಲಿಲ್ಲ.

“ನಮ್ಮ ಮನೆಯಲ್ಲಿ ಅವಳಿಗೆ ಹೊಟ್ಟೆ ತುಂಬ ಊಟವಿತ್ತು, ಉಡಲು ಸೀರೆ ಇತ್ತು. ಇನ್ನೇನು ಬೇಕಿತ್ತು ಅವಳಿಗೆ?”

ಕೌದಿಯವಳು ಹೊಲಿಗೆಯಿಂದ ತಲೆ ಎತ್ತಿದಳು. ಅವ್ವನ ಹಾಲು ಕುಡಿದು ಬೆಳೆದ ಆ ಅಗಲ ಭುಜಗಳನ್ನು ನೋಡಿದಳು.

ಈ ಬಿಳಿ ಚುಕ್ಕೆ ಚೆನ್ನಾಗಿಲ್ಲ, ಸರಿ ಮಾಡಿಸಿಡು, ಅವಳು ಕೂಸನ್ನು ನೋಡುತ್ತಿರುವ ಹಾಗೆ ಬರೆಸು ಎಂದು ಹೇಳಿ ಸಾಹುಕಾರ ಹೋದ.

ವ್ಯಾಪಾರಿ ಚಿತ್ರಗಾರನನ್ನು ಕರೆಸಿದ. ಅವನು ಮುದುಕ, ತಲೆಮಾರುಗಳಿಂದ ಅದೇ ಕಸುಬು. ಚಿತ್ರ ನೋಡಿದೊಡನೆ ಅವನಿಗೆ ತಿಳಿಯಿತು. ಕಣ್ಣು ಬರೆದು ತೆರೆಯುವುದು ಎಲ್ಲಕ್ಕೂ ಕೊನೆಯ ಕೆಲಸ, ಆ ದಿನ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬರೆಯಬೇಕು, ಈ ತಾಯಿಯನ್ನು ಕೂರಲು ಯಾರೂ ಕರೆದಿಲ್ಲ ಎಂದ. ಎದುರಿಗೆ ಜೀವಂತ ಕಣ್ಣಿಲ್ಲದೆ ನಾನೂ ಬರೆಯಲಾರೆ ಎಂದ. ವ್ಯಾಪಾರಿಗೆ ಕೆಲಸ ಮುಗಿದರೆ ಸಾಕಾಗಿತ್ತು. ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದವಳನ್ನು ತೋರಿಸಿದ.

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿ ಎದುರಿಗೆ ಬಂದು ಕೂತಳು. ಮಡಿಲು ನೋಡು ತಾಯಿ, ಅಲ್ಲಿ ಕೂಸಿದೆ ಎಂದುಕೋ ಎಂದ ಚಿತ್ರಗಾರ. ಅವಳು ನೋಡಿದಳು. ಮಡಿಲಲ್ಲಿ ಅರ್ಧ ಹೊಲಿದ ಚೀಲವಿತ್ತು. ಅವಳ ಕಣ್ಣು ಮೇಲೆದ್ದು ಅವನ ಕೈಯಲ್ಲಿದ್ದ ಚಿತ್ರಕ್ಕೆ ಹೋದವು. ಅವನು ಮೂರು ಸಲ ಹೇಳಿದ. ಮೂರು ಸಲವೂ ಹಾಗೆಯೇ ಆಯಿತು. ಆಮೇಲೆ ಹೇಳುವುದನ್ನು ಬಿಟ್ಟ. ಅಳಿಲಿನ ಬಾಲದ ಕೂದಲಿನ ಕುಂಚವನ್ನು ಕಪ್ಪಿನಲ್ಲಿ ಅದ್ದಿ, ಎದುರಿಗೆ ಕಂಡದ್ದನ್ನು ಕಂಡ ಹಾಗೆ ಬರೆದ.

ಬರೆದು ಮುಗಿಸಿ ಚಿತ್ರವನ್ನು ಅವಳ ಕಡೆ ತಿರುಗಿಸಿದ. ಅವ್ವ ಅವಳನ್ನು ನೋಡಿದಳು.

ಮರುದಿನ ಸಾಹುಕಾರ ಬಂದ. ಚಿತ್ರ ನೋಡಿ ಅವನ ಹುಬ್ಬು ಗಂಟಿಕ್ಕಿತು. ಆ ಹೆಂಗಸು ಮಡಿಲಿನ ಕೂಸನ್ನು ನೋಡುತ್ತಿರಲಿಲ್ಲ. ಚೌಕಟ್ಟಿನ ಆಚೆ ಯಾರನ್ನೋ ನೋಡುತ್ತಿದ್ದಳು.

“ನನ್ನನ್ನು ಮಡಿಲಲ್ಲಿಟ್ಟುಕೊಂಡು ಇವಳು ನೋಡುತ್ತಿರುವುದು ಯಾರನ್ನು?”

“ನನ್ನನ್ನು” ಎಂದಳು ಕೌದಿಯವಳು.

ಸಾಹುಕಾರ ಚಿತ್ರವನ್ನು ಬಿಟ್ಟು ಹೋಗಲಿಲ್ಲ. ಅದರಲ್ಲಿ ಅವನ ತಾಯಿಯೂ ಇದ್ದಳು. ಕೌದಿಯವಳು ತನ್ನ ಸೆರಗಿನ ತುದಿಯನ್ನು ಹರಿದು ಚೀಲದೊಳಗೆ ಹಾಸಿದಳು. ಅದರ ಮೇಲೆ ಚಿತ್ರವನ್ನು ಇಟ್ಟು ಬಾಯಿ ಹೊಲಿದಳು. ಬೇರೆ ದಿನವಾದರೆ ಅದು ಕ್ಷಣದ ಕೆಲಸ. ಅಂದು ಒಂದೊಂದು ಹೊಲಿಗೆಗೂ ಕೈ ನಿಂತಿತು. ಮುಗಿದ ಮೇಲೆ ಸಾಹುಕಾರ ಚೀಲವನ್ನು ಎದೆಗೆ ಒತ್ತಿಕೊಂಡು ಹೋದ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲಿ ನಿಂತಿದ್ದಳು.

ಗುರು ಕತೆ ಮುಗಿಸಿದರು. ಆ ಚಿತ್ರ ಅವಳಿಗೆ ಸೇರಬೇಕಾಗಿತ್ತು, ಅವಳಿಗೆ ಅನ್ಯಾಯವಾಯಿತು ಎಂದು ಶಿಷ್ಯ ಕಣ್ಣೊರೆಸಿಕೊಂಡ. ಗುರು ಹೇಳಿದರು:

“ಕತೆಯವಳಿಗಾಗಿ ಅಳಬೇಡ, ಗೋಡೆ ಇನ್ನೂ ನಿಂತಿದೆ, ಉಳಿ ನಿನ್ನ ಕೈಯಲ್ಲಿದೆ, ಎದ್ದು ಹೋಗಿ ಆ ಹೆಂಗಸರ ಹೆಸರು ಕೇಳಿಕೊಂಡು ಬಾ.”