ಓಬಕ್ಕನ ಚಿಂದಿ ಕೌದಿ

ಬಾರೇ ಇಲ್ಲಿ. ಹರಿದ ಲಂಗಾನ ಒಲೆಗೆ ಹಾಕ್ತೀನಿ ಅಂತೀಯಲ್ಲ, ಮೊದ್ಲು ಕತೆ ಕೇಳು. ಕಾಲು ಆಚೆ ತಗೋ, ಕೌದಿ ಹೊಲೀತಿದೀನಿ, ಸೂಜಿ ಚುಚ್ಚೀತು.

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳ್ಬೇಡ, ಹಳ್ಳದ ದಂಡೇಲಿ ಒಂದೂರಿತ್ತಂತೆ. ಆ ಊರ ಗೌಡನ ಹೆಂಡ್ತಿ ಸಿರಿಯಮ್ಮ. ಅವಳಿಗೆ ಸಂತೆ ಸಂತೆಗೂ ಹೊಸ ಸೀರೆ ಬೇಕಂತೆ, ಬಣ್ಣ ಚೂರು ಮಾಸಿದ್ರೆ ಸಾಕು, ಹಳೇದನ್ನ ಹಳ್ಳಕ್ಕೆ ಬಿಸಾಕೋಳಂತೆ. ಅವಳನ್ನ ನೋಡಿ ಊರೋರೆಲ್ಲ ಹಂಗೇ ಕಲಿತ್ರಂತೆ. ಹಳ್ಳದ ತುಂಬ ಬಟ್ಟೆ ಸಿಕ್ಕೊಂಡು ನೀರು ಹರೀದೆ ಗಬ್ಬು ನಾರ್ತಿತ್ತಂತೆ, ಎಮ್ಮೆ ಕೂಡ ಮೂಸಿ ನೋಡಿ ವಾಪಸ್ ಬರ್ತಿತ್ತಂತೆ. ಊರ ಕೊನೇಲಿದ್ದ ಓಬಕ್ಕ ಅನ್ನೋ ಮುದುಕಿ ಮಾತ್ರ ದಿನಾ ಹಳ್ಳಕ್ಕಿಳಿದು, ಕೈಲಾದಷ್ಟು ಬಟ್ಟೆ ಎಳೆದು, ಅಂಟುವಾಳದ ನೊರೇಲಿ ಒಗೆದು, ತುಂಡು ತುಂಡು ಜೋಡಿಸಿ ಹೊದಿಯೋ ಕೌದಿ ಹೊಲೀತಿದ್ಲಂತೆ. ಸಿರಿಯಮ್ಮ ಅವಳನ್ನ ಚಿಂದಿ ಓಬಕ್ಕ ಅಂತ ಆಡ್ಕೊಂಡು ನಗೋಳಂತೆ. ನಂಗಂತೂ ಅವಳ ಕಪಾಳಕ್ಕೆ ಎರಡು ಬಿಡೋಣ ಅನ್ಸುತ್ತೆ, ಇರ್ಲಿ.

ಆಮೇಲೆ, ಹತ್ತು ವರ್ಷ ಹರಕೆ ಹೊತ್ತ ಮೇಲೆ ಸಿರಿಯಮ್ಮಂಗೆ ಹೆಣ್ಣು ಕೂಸು ಹುಟ್ತಂತೆ. ಮಾಗಿ ಚಳಿ ಬೇರೆ. ಹೊಸ ರೇಷ್ಮೆ ಸುತ್ತಿದ್ರು, ಜರಿ ಚುಚ್ಚಿ ಮೈ ಕೆಂಪಾಯ್ತಂತೆ. ಹೊಸ ನೂಲಿನ ಬಟ್ಟೆ ಸುತ್ತಿದ್ರು, ಗಂಜಿ ಹಾಕಿದ್ದು, ತಗಡಿನಂಗೆ ನಿಂತ್ಕೊಳ್ತಂತೆ. ಹೊಸ ಕಂಬಳಿ ಹೊದಿಸಿದ್ರು, ಮೈಯೆಲ್ಲ ದದ್ದು! ಕೂಸು ಮೂರು ದಿನ ಅತ್ತೂ ಅತ್ತೂ ಹಾಲು ಕುಡಿಯೋದೇ ಬಿಡ್ತಂತೆ. ಸೂಲಗಿತ್ತಿ ಗದರಿದ್ಲಂತೆ, ಎಳೇ ಮೈಗೆ ಹಳೇ ಬಟ್ಟೆ ಬೇಕು ಕಣಮ್ಮ, ನೂರು ಸಲ ಒಗೆದಿದ್ದು, ಇಲ್ದಿದ್ರೆ ಕೂಸು ಉಳಿಯಲ್ಲ ಅಂತ. ಅಯ್ಯೋ, ಅಷ್ಟು ದೊಡ್ಡ ಮನೇಲಿ ಒಂದು ತುಂಡು ಹಳೇ ಬಟ್ಟೆ ಇಲ್ವಂತೆ ಕಣೇ.

ಸಿರಿಯಮ್ಮ ಹಸಿ ಬಾಣಂತಿ ಅನ್ನೋದೂ ಮರೆತು ಕೂಸನ್ನ ಎದೆಗವಚ್ಕೊಂಡು ಓಡಿದ್ಲಂತೆ. ಮೊದಲ್ನೇ ಮನೇಲಿ, ನಿಮ್ಮನ್ನ ನೋಡೇ ಬಿಸಾಕಿದ್ವಲ್ಲಮ್ಮ ಅಂದ್ರಂತೆ. ಎರಡ್ನೇ ಮನೇಲೂ ಅದೇ ಮಾತು. ಮೂರ್ನೇದು ಓಬಕ್ಕನ ಗುಡಿಸ್ಲು. ಬಾಗಿಲಲ್ಲಿ ನಿಂತೋಳು ಗಳಗಳ ಅತ್ತುಬಿಟ್ಲಂತೆ. ಓಬಕ್ಕ ಹಿಂದಿನ ಮಾತು ಒಂದೂ ಎತ್ತಲಿಲ್ಲ, ಕೂಸನ್ನ ಇಸ್ಕೊಂಡು ಕೌದೀಲಿ ಸುತ್ತಿ ಕೊಟ್ಲಂತೆ. ಕೂಸು ಎರಡು ಸಲ ಬಿಕ್ಕಿ, ಹಾಲಿಗೆ ಬಾಯಿ ಹಾಕಿ, ಕುಡೀತಾ ಕುಡೀತಾನೇ ನಿದ್ದೆ ಹೋಯ್ತಂತೆ.

ಆಮೇಲೆ ಸಿರಿಯಮ್ಮ ಕೌದಿ ಸವರಿ ನೋಡ್ತಾಳೆ, ನಡುವೆ ಹಸಿರು ಬಟ್ಟೆ, ಮಾವಿನಕಾಯಿ ಅಂಚು. ಮದುವೇಲಿ ಅವಳವ್ವ ಉಡಿಸಿದ್ದ ಸೀರೆ! ನಿಂದೇ ಕಣವ್ವ, ಹಳ್ಳದಲ್ಲಿ ಸಿಕ್ತು, ಯಾರಿಗಾದ್ರೂ ಆಗುತ್ತೆ ಅಂತ ಇಟ್ಟಿದ್ದೆ ಅಂದ್ಲಂತೆ ಓಬಕ್ಕ.

ಬಾಣಂತನ ಮುಗಿದಿದ್ದೇ ತಡ, ಸಿರಿಯಮ್ಮ ಸೆರಗು ಕಟ್ಕೊಂಡು ಹಳ್ಳಕ್ಕಿಳಿದ್ಲಂತೆ, ಅವಳ ಹಿಂದೆ ಊರಿಗೂರೇ ಇಳೀತಂತೆ. ಹಳ್ಳ ಹರೀತು, ಎಮ್ಮೆ ಹೊಟ್ಟೆ ತುಂಬ ನೀರು ಕುಡೀತು, ಮನೆಮನೇಲೂ ಹಳೇ ಬಟ್ಟೆ ಗಂಟು ಬಂತಂತೆ. ಎಲ್ರೂ ಬೆಚ್ಚಗೆ ಮಲಗಿದ್ರು, ಅಲ್ಲಿಗೆ ಕತೆ ಮುಗೀತು.

ಅರೆ, ಎದ್ದು ಎಲ್ಲಿಗೆ ಓಡ್ತೀಯೆ? ಓ, ಲಂಗ ತಂದ್ಯಾ ನನ್ನ ಬಂಗಾರಿ! ತಾ ಇಲ್ಲಿ, ಈ ಮೂಲೆ ನಿಂದೇ. ಒಳಗೊಂದು ಚೂರು ರೊಟ್ಟಿ ಇಟ್ಟು ಹೊಲಿದುಬಿಡ್ತೀನಿ, ಕೌದಿ ಹಸ್ಕೊಂಡಿರಬಾರ್ದು ಅಂತ ಹಿಂದಿನೋರ ಪದ್ಧತಿ ಕಣೇ. ನೀನು ಮಲಕ್ಕೋ.